ಮನೆಗೆ ಬೀಗ ಹಾಕಿದರೂ ಗಿಡ ಬಾಡದು: ಹತ್ತಿಯ ಬತ್ತಿಯಿಂದ ನೀರುಣಿಸುವ ಅಗ್ಗದ ವಿಧಾನ

ಬೆಂಗಳೂರು: ದಸರಾ ರಜೆಗೆಂದು ಊರಿಗೆ ಹೊರಡುವ ಕುಟುಂಬ ಹಾಲು, ಪತ್ರಿಕೆ ಬೇಡವೆಂದು ತಿಳಿಸಿ, ಗ್ಯಾಸ್ ರೆಗ್ಯುಲೇಟರ್ ತಿರುಗಿಸಿ, ಮನೆಗೆ ಬೀಗ ಹಾಕುತ್ತದೆ. ಆದರೂ ಒಂದು ಚಿಂತೆ ಉಳಿಯುತ್ತದೆ. ಅದು ಹಜಾರದ ಕಿಟಕಿಯ ಬಳಿ ಇಟ್ಟ ಹೂಕುಂಡಗಳದ್ದು. ಹೊರಡುವ ದಿನ ಕುಂಡದ ತುಂಬ ನೀರು ಸುರಿಯುವುದು ಅನೇಕರ ರೂಢಿ. ಅದರಿಂದ ಮೊದಲೆರಡು ದಿನ ಬೇರು ಕೆಸರಿನಲ್ಲಿ ಉಸಿರುಗಟ್ಟುತ್ತದೆ. ವಾರ ಕಳೆಯುವಷ್ಟರಲ್ಲಿ ಮಣ್ಣು ಒಣಗಿ ಬಿರಿಯುತ್ತದೆ. ವರ್ಷಗಟ್ಟಲೆ ಸಾಕಿದ ಗಿಡ ಹತ್ತೇ ದಿನದಲ್ಲಿ ಕೈಬಿಟ್ಟುಹೋಗುತ್ತದೆ.

ಇದಕ್ಕೆ ಪಂಪು, ಟೈಮರ್‌ಗಳನ್ನುಳ್ಳ ದುಬಾರಿ ಉಪಕರಣಗಳೇ ಬೇಕೆಂದಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಹಳೆಯ ಹತ್ತಿ ಪಂಚೆಯ ಒಂದು ಪಟ್ಟಿ ಇದ್ದರೆ ಸಾಕು.

ಹಣತೆ ಹೇಳುವ ಪಾಠ

ದೇವರ ಮುಂದಿನ ಹಣತೆಯಲ್ಲಿ ಎಣ್ಣೆ ಕೆಳಗಿರುತ್ತದೆ, ಜ್ವಾಲೆ ಮೇಲಿರುತ್ತದೆ. ಎಣ್ಣೆ ಬತ್ತಿಯ ಎಳೆಗಳ ನಡುವಿನ ಸೂಕ್ಷ್ಮ ಸಂದುಗಳನ್ನು ಹಿಡಿದು ತಾನಾಗಿ ಮೇಲೇರುತ್ತದೆ. ವಿಜ್ಞಾನ ಇದನ್ನು ಕೇಶಾಕರ್ಷಣೆ ಎನ್ನುತ್ತದೆ. ನೀರಿಗೂ ಇದೇ ನಿಯಮ ಅನ್ವಯಿಸುತ್ತದೆ. ಬತ್ತಿಯ ಒಂದು ತುದಿಯನ್ನು ನೀರಿನಲ್ಲೂ ಇನ್ನೊಂದು ತುದಿಯನ್ನು ಕುಂಡದ ಮಣ್ಣಿನಲ್ಲೂ ಇಟ್ಟರೆ ನೀರು ಮೇಲೇರಿ ಮಣ್ಣನ್ನು ಸೇರುತ್ತದೆ.

ಈ ವಿಧಾನದ ಹೆಚ್ಚುಗಾರಿಕೆ ಇರುವುದು ಅದರ ಮಿತಿಯಲ್ಲಿ. ಮಣ್ಣು ಒಣಗಿದಂತೆಲ್ಲ ಬತ್ತಿಯಿಂದ ಹೆಚ್ಚು ನೀರನ್ನು ಎಳೆದುಕೊಳ್ಳುತ್ತದೆ. ತೇವ ಸಾಕಷ್ಟಾದಾಗ ಎಳೆತ ತಗ್ಗುತ್ತದೆ. ಹೀಗೆ ನೀರಿನ ಪ್ರಮಾಣವನ್ನು ಬಹುಮಟ್ಟಿಗೆ ಗಿಡ ಮತ್ತು ಮಣ್ಣೇ ನಿರ್ಧರಿಸುತ್ತವೆ. ನೀರು ತುಂಬಿದ ಬಾಟಲಿಯನ್ನು ಮಣ್ಣಿನಲ್ಲಿ ತಲೆಕೆಳಗಾಗಿ ಊರುವ ಜನಪ್ರಿಯ ಉಪಾಯದಲ್ಲಿ ಈ ಹಿಡಿತ ಸಾಲದು. ಮಣ್ಣು ಸಡಿಲವಿದ್ದರೆ ಅದು ಒಂದೇ ದಿನದಲ್ಲಿ ಬರಿದಾಗಬಹುದು. ಬಾಯಿಗೆ ಮಣ್ಣು ಮೆತ್ತಿಕೊಂಡರೆ ಹನಿಯೂ ಇಳಿಯದಿರಬಹುದು.

ಹನಿಯೂ ಮುಖ್ಯ

2024ರ ಮಾರ್ಚ್‌ನಲ್ಲಿ ಬೆಂಗಳೂರು ತೀವ್ರ ನೀರಿನ ಅಭಾವ ಎದುರಿಸಿದಾಗ ಜಲಮಂಡಳಿಯು ಕೈತೋಟ, ವಾಹನ ತೊಳೆಯುವಿಕೆ ಮುಂತಾದವುಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿಯೂ ಪ್ರಕಟಿಸಿತು. ಮೇಲಿನಿಂದ ಸುರಿದ ನೀರಿನಲ್ಲಿ ಒಂದು ಪಾಲು ಕುಂಡದ ತಳದಿಂದ ಹರಿದು ತಟ್ಟೆ ಸೇರಿ ವ್ಯರ್ಥವಾಗುತ್ತದೆ. ಬತ್ತಿಯ ವ್ಯವಸ್ಥೆಯಲ್ಲಿ ಹಾಗೆ ಹರಿದ ನೀರೂ ಮರಳಿ ಡಬ್ಬಿಗೇ ಬೀಳುತ್ತದೆ. ಹೀಗಾಗಿ ಊರಿನಲ್ಲೇ ಇರುವವರಿಗೂ ಇದು ಉಪಯುಕ್ತ.

ತಯಾರಿಸುವ ಬಗೆ

ಕುಂಡದ ಭಾರ ತಾಳಬಲ್ಲ, ಮುಚ್ಚಳವುಳ್ಳ ಗಟ್ಟಿ ಡಬ್ಬಿಯೊಂದನ್ನು ಆರಿಸಿಕೊಳ್ಳಬೇಕು. ಮುಚ್ಚಳದ ನಡುವೆ ಬೆರಳು ತೂರುವಷ್ಟು ರಂಧ್ರ ಮಾಡಬೇಕು. ಕುಂಡದ ತಳದ ರಂಧ್ರ ಇದರ ಮೇಲೆ ನೇರವಾಗಿ ಕೂರಬೇಕು.

ಬತ್ತಿಗೆ ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ಕಿರುಬೆರಳ ಗಾತ್ರಕ್ಕೆ ಹೊಸೆದುಕೊಳ್ಳಬಹುದು. ಹೊಸ ಬಟ್ಟೆ ಅಥವಾ ದಾರವಾದರೆ ಬಿಸಿನೀರಿನಲ್ಲಿ ಚೆನ್ನಾಗಿ ಒಗೆಯಬೇಕು. ಅದರಲ್ಲಿರುವ ಗಂಜಿ ಅಥವಾ ಮೇಣ ನೀರನ್ನು ಹೀರಗೊಡುವುದಿಲ್ಲ. ಹತ್ತಿ ಕೆಲವು ತಿಂಗಳಲ್ಲಿ ಕೊಳೆಯುತ್ತದೆ; ವರ್ಷವಿಡೀ ಬಳಸುವವರಿಗೆ ಹೊಸೆದ ನೈಲಾನ್ ಹುರಿ ಬಾಳಿಕೆ ಬರುತ್ತದೆ.

ಬತ್ತಿಯನ್ನು ಪೂರ್ತಿ ನೆನೆಸಿ, ಒಂದು ಕಡ್ಡಿಯ ನೆರವಿನಿಂದ ಕುಂಡದ ತಳದ ರಂಧ್ರದ ಮೂಲಕ ಮಣ್ಣಿನ ಅರ್ಧದವರೆಗೆ ತೂರಿಸಬೇಕು. ಕುಂಡ ಬದಲಿಸುವ ಸಮಯವಾದರೆ ಮೊದಲೇ ಬತ್ತಿಯಿಟ್ಟು ಮಣ್ಣು ತುಂಬುವುದು ಇನ್ನೂ ಸುಲಭ. ಬತ್ತಿಯ ಉಳಿದ ಭಾಗ ಡಬ್ಬಿಯ ತಳ ಮುಟ್ಟುವಂತಿರಲಿ. ನೀರಿಗೂ ಕುಂಡದ ತಳಕ್ಕೂ ನಡುವಿನ ಅಂತರ ಒಂದು ಗೇಣನ್ನು ಮೀರದಿರುವುದು ಒಳ್ಳೆಯದು; ಎತ್ತರ ಹೆಚ್ಚಿದಂತೆ ನೀರು ಏರುವ ವೇಗ ಕುಗ್ಗುತ್ತದೆ.

ಕೊನೆಯದಾಗಿ, ಒಮ್ಮೆ ಮೇಲಿನಿಂದ ಮಣ್ಣು ತೋಯುವಂತೆ ನೀರು ಹಾಕಬೇಕು. ಪೂರ್ತಿ ಒಣಗಿದ ಮಣ್ಣಿಗೆ ಬತ್ತಿಯಿಂದ ನೀರು ಸರಾಗವಾಗಿ ದಾಟುವುದಿಲ್ಲ. ಅಂಟು ಮಣ್ಣಿಗೆ ಕಾಂಪೋಸ್ಟ್ ಹಾಗೂ ತೆಂಗಿನ ನಾರಿನ ಪುಡಿ ಬೆರೆಸಿದರೆ ತೇವ ಸಮನಾಗಿ ಹರಡುತ್ತದೆ, ಬೇರಿಗೆ ಗಾಳಿಯೂ ದೊರೆಯುತ್ತದೆ.

ಲೆಕ್ಕ ಹಾಕುವುದು ಹೇಗೆ?

ಒಂದು ಗಿಡಕ್ಕೆ ದಿನಕ್ಕೆಷ್ಟು ನೀರು ಬೇಕೆಂಬುದು ಎಲೆಯ ಗಾತ್ರ, ಬೆಳಕು, ಸೆಕೆ, ಗಾಳಿಯನ್ನು ಅವಲಂಬಿಸಿದೆ. ಕಲಬುರ್ಗಿಯ ಮೇ ತಿಂಗಳಿನ ಲೆಕ್ಕ ಮಡಿಕೇರಿಯ ಜುಲೈಗೆ ಹೊಂದುವುದಿಲ್ಲ. ಆದ್ದರಿಂದ ಅಳೆದು ನೋಡುವುದೇ ದಾರಿ. ಡಬ್ಬಿಗೆ ಅಳತೆಯ ನೀರು ಹಾಕಿ, ಮೂರು ದಿನಗಳ ನಂತರ ಉಳಿದದ್ದನ್ನು ಅಳೆಯಬೇಕು. ಮೂರು ದಿನಕ್ಕೆ 300 ಮಿಲಿ ಲೀಟರ್ ಖರ್ಚಾಗಿದ್ದರೆ ಹತ್ತು ದಿನಕ್ಕೆ ಒಂದು ಲೀಟರ್ ಬೇಕು. ಒಂದೂವರೆ ಲೀಟರ್ ತುಂಬಿಸಿದರೆ ನಿಶ್ಚಿಂತೆ. ಮೇಲ್ಮಣ್ಣು ಒಣಗಿಯೇ ಇದ್ದರೆ ಇನ್ನೊಂದು ಬತ್ತಿ ಸೇರಿಸಬೇಕು. ಸದಾ ಕೆಸರಾಗಿದ್ದರೆ ಬತ್ತಿಯನ್ನು ತೆಳುವಾಗಿಸಬೇಕು.

ತಪ್ಪುವುದೆಲ್ಲಿ?

ನೀರಿನ ಪಾತ್ರೆಯನ್ನು ಕುಂಡಕ್ಕಿಂತ ಎತ್ತರದಲ್ಲಿಡುವುದು ಸಾಮಾನ್ಯ ತಪ್ಪು. ಆಗ ಬತ್ತಿ ಮೇಲಿನ ನೀರನ್ನು ಬಿಡುವಿಲ್ಲದೆ ಕೆಳಕ್ಕೆ ಇಳಿಸುತ್ತದೆ. ಕುಂಡ ತುಂಬಿ ನೆಲವೂ ಒದ್ದೆಯಾಗುತ್ತದೆ. ನೀರು ಯಾವಾಗಲೂ ಕುಂಡಕ್ಕಿಂತ ಕೆಳಗಿರಬೇಕು.

ಎರಡನೆಯದು ಸೊಳ್ಳೆಯ ಅಪಾಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯೊಳಗಿನ ನಿಂತ ನೀರಿನಲ್ಲೂ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅಂದರೆ ಒಂದು ರಜೆಯ ಅವಧಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು, ಸೊಳ್ಳೆ ಬೆಳೆಯಲು ಆಸ್ಪದ ನೀಡುವವರಿಗೆ ದಂಡ ವಿಧಿಸಲೂ ಅವಕಾಶ ಕಲ್ಪಿಸಿತು. ಆದ್ದರಿಂದ ಮುಚ್ಚಳ ಬಿಗಿಯಾಗಿರಬೇಕು. ಬತ್ತಿಯ ಸುತ್ತಲಿನ ಸಂದನ್ನು ಬಟ್ಟೆಯಿಂದ ಮುಚ್ಚಬೇಕು. ಬಾಯ್ದೆರೆದ ಬಕೆಟ್ಟಿನಲ್ಲಿ ಬತ್ತಿ ಇಳಿಬಿಟ್ಟು ಹೋಗುವುದು ಸಲ್ಲದು.

ಮೂರನೆಯದು ಲವಣ. ಕೊಳವೆಬಾವಿಯ ಗಡಸು ನೀರು ಕೆಳಗಿನಿಂದ ಏರಿ ಮೇಲ್ಭಾಗದಲ್ಲಿ ಆವಿಯಾದಾಗ ಲವಣ ಮಣ್ಣಿನ ಮೇಲೆ ಬಿಳಿಯ ಪದರವಾಗಿ ಉಳಿಯುತ್ತದೆ. ಈ ವ್ಯವಸ್ಥೆಯನ್ನು ನಿರಂತರವಾಗಿ ಬಳಸುವವರು ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ನೀರು ಹಾಕಿ ಲವಣ ತೊಳೆದುಹೋಗುವಂತೆ ಮಾಡಿ, ಡಬ್ಬಿಯ ನೀರನ್ನು ಬದಲಿಸಬೇಕು. ಅಕ್ಕಿ ತೊಳೆದ ನೀರು ಡಬ್ಬಿಯಲ್ಲಿ ಹುಳಿತು ನಾರುವುದರಿಂದ ಅದನ್ನು ಇಲ್ಲಿ ಬಳಸಬಾರದು.

ಯಾವ ಗಿಡಕ್ಕೆ ಸೂಕ್ತ?

ಮನಿ ಪ್ಲಾಂಟ್, ಸಿಂಗೋನಿಯಂ, ಪೀಸ್ ಲಿಲ್ಲಿ, ಜರಿಗಿಡ, ಕೋಲಿಯಸ್ ಮುಂತಾದ ತೇವಪ್ರಿಯ ಗಿಡಗಳಿಗೆ ಬತ್ತಿ ಒಗ್ಗುತ್ತದೆ. ಲೋಳೆಸರ, ಕಳ್ಳಿ, ಜೇಡ್, ಸ್ನೇಕ್ ಪ್ಲಾಂಟ್‌ಗಳಿಗೆ ಇದು ಬೇಡ. ಎಲೆ ಅಥವಾ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಇವು ಎರಡು ವಾರ ನೀರಿಲ್ಲದೆಯೂ ಇರಬಲ್ಲವು; ಸದಾ ತೇವವಿದ್ದರೆ ಬೇರು ಕೊಳೆಯುತ್ತದೆ.

ಬಾಲ್ಕನಿಯ ದೊಡ್ಡ ಕುಂಡಗಳಿಗೆ ಮಣ್ಣಿನ ಕುಡಿಕೆಯ ಉಪಾಯವಿದೆ. ಬಣ್ಣ ಬಳಿಯದ ಕುಡಿಕೆಯನ್ನು ಕಂಠದವರೆಗೆ ಮಣ್ಣಿನಲ್ಲಿ ಹೂತು, ನೀರು ತುಂಬಿ, ಬಾಯಿ ಮುಚ್ಚಿದರೆ ನೀರು ಅದರ ಗೋಡೆಯ ಮೂಲಕ ಮೆಲ್ಲಗೆ ಜಿನುಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಕೃಷಿ ಗ್ರಂಥಕಾರ ಫಾನ್ ಷೆಂಗ್‌ಝಿ ಈ ಪದ್ಧತಿಯನ್ನು ದಾಖಲಿಸಿದ್ದಾನೆ.

ಯಾವುದನ್ನೇ ಆರಿಸಿಕೊಂಡರೂ, ಹೊರಡುವ ಹಿಂದಿನ ರಾತ್ರಿ ಆತುರದಲ್ಲಿ ಕಟ್ಟಿದ ಬತ್ತಿಯನ್ನು ನಂಬುವಂತಿಲ್ಲ. ಹತ್ತು ದಿನ ಮೊದಲೇ ಅಣಿಗೊಳಿಸಿ, ಪ್ರತಿದಿನ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಮನೆಯಲ್ಲಿದ್ದಾಗ ಪರೀಕ್ಷೆಯಲ್ಲಿ ಗೆದ್ದ ಡಬ್ಬಿಯೇ ಮನೆಯವರಿಲ್ಲದಾಗಲೂ ಗಿಡವನ್ನು ಕಾಯುತ್ತದೆ.