ಸಾಲಿನ ಕೊನೆಯ ಬೈಕಿನ ದೂರು

ಚಾರ್ಮಾಡಿ ಘಾಟಿಯಂಥ ರಸ್ತೆಯಲ್ಲಿ ಬೈಕ್ ಸವಾರರ ತಂಡವನ್ನು ಮುನ್ನಡೆಸುವವರು ಕೇಳುವ ಟೀಕೆಗಳು ಬಹುಮಟ್ಟಿಗೆ ಎರಡೇ: ಮುಂದಿದ್ದವರಿಗೆ ವೇಗ ಸಾಲದು, ಹಿಂದಿದ್ದವರಿಗೆ ಅತಿಯಾಯಿತು. ವಿಚಿತ್ರವೆಂದರೆ, ಎರಡೂ ನಿಜ. ತಿರುವಿನಲ್ಲಿ 30 ಕಿ.ಮೀ. ವೇಗಕ್ಕಿಳಿದ ನಾಯಕ ಅದನ್ನು ದಾಟಿದೊಡನೆ 50ಕ್ಕೇರಿದರೆ, ಇನ್ನೂ ತಿರುವಿನಲ್ಲೇ ಇರುವ ಹಿಂದಿನವರು ಅಂತರ ತುಂಬಲು 60 ಮೀರಿ ಧಾವಿಸಬೇಕಾಗುತ್ತದೆ. ಅಪಾಯ ಹುಟ್ಟುವುದು ಅಲ್ಲಿಯೇ. ಆದ್ದರಿಂದ ಮೊದಲು ಕಿವಿಗೊಡಬೇಕಾದದ್ದು ಬಾಲದ ದೂರಿಗೆ.

ನೇರ ರಸ್ತೆಯಲ್ಲಿ ಎಡ-ಬಲ ಓರೆ ಸಾಲು, ಸರಿ ಮುಂದಿರುವ ಬೈಕಿಗೆ ಎರಡು ಸೆಕೆಂಡಿನ ಅಂತರ. ತಿರುವಿನಲ್ಲಿ ಒಂಟಿ ಸಾಲು. ಹೊಸಬರು ನಾಯಕನ ಬೆನ್ನಿಗೆ, ನುರಿತವರೊಬ್ಬರು ಕಟ್ಟಕಡೆಗೆ. ಇಷ್ಟಾದರೂ ಘಾಟಿಯೇರಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗ ದೂರು ಬಂದರೆ, ಸಮಜಾಯಿಷಿ ನೀಡುವ ಬದಲು ಮುಂದಿನ ಹಂತದಲ್ಲಿ ನಾಯಕತ್ವವನ್ನು ಮತ್ತೊಬ್ಬರಿಗೊಪ್ಪಿಸಿ, ತಾನೇ ಸಾಲಿನ ಕೊನೆಯಲ್ಲಿ ಸಾಗಿ ನೋಡುವುದು ಲೇಸು.