ಲಾವಾ ನೆಲದಲ್ಲಿ ಸೈಕಲ್ ಸವಾರಿ

ಸಿಸಿಲಿ ದ್ವೀಪದ ಎಟ್ನಾ ಪರ್ವತ ಇಂದಿಗೂ ಹೊಗೆಯುಗುಳುತ್ತಿರುವ ಜ್ವಾಲಾಮುಖಿ. ಎತ್ತರ 3,300 ಮೀಟರಿಗೂ ಮಿಗಿಲು. ಅದರ ದಕ್ಷಿಣ ಮಗ್ಗುಲಿನ ನಿಕೊಲೋಸಿಯಿಂದ ಹೊರಟು, ಸುಮಾರು 1,000 ಮೀಟರ್ ಏರಿ, ಪಶ್ಚಿಮದ ಕಾಡುದಾರಿಯನ್ನು ಹಿಡಿದು, ಬ್ರಾಂಟೆಗೆ ಇಳಿದು, ತಪ್ಪಲಿನ ಊರುಗಳ ಮೂಲಕ ಮರಳುವುದು ನಾನು ಸೈಕಲ್ಲಿನಲ್ಲಿ ಬಂದ ಸುತ್ತು. ಆ ದಾರಿಯಲ್ಲಿ ನೆಲದ ವಯಸ್ಸನ್ನು ಕಣ್ಣಿಗಿಂತ ಮೊದಲು ಚಕ್ರಗಳೇ ಅರಿಯುತ್ತವೆ.

ಕಪ್ಪು ಬೂದಿಯ ಏರಿನಲ್ಲಿ ಬಲ ನಿರರ್ಥಕ. ಎದ್ದುನಿಂತು ತುಳಿದರೆ ಹಿಂಚಕ್ರ ಇದ್ದಲ್ಲಿಯೇ ತಿರುಗಿ ಹೂಳುತ್ತದೆ. ಟೈರಿನ ಗಾಳಿಯನ್ನು ತುಸು ಇಳಿಸಿದರೆ ಅದು ಅಗಲವಾಗಿ ನೆಲವನ್ನೂರುತ್ತದೆ. ಹಗುರ ಗೇರಿನಲ್ಲಿ, ಕುಳಿತೇ, ಒಂದೇ ಸಮನೆ ತುಳಿಯಬೇಕು.

ಹೊಸ ಲಾವಾ ಗರಗಸದಂತೆ ಮೊನಚು. ಬಿದ್ದವನ ಚರ್ಮವನ್ನು ಸುಲಿಯುತ್ತದೆ. ಅದಕ್ಕಿಂತ ಹಳೆಯದರ ಮೇಲೆ ಬೂದುಬಣ್ಣದ ಕಲ್ಲುಹೂವು ಹಬ್ಬಿದೆ. ಅದು ಬಂಡೆಯನ್ನು ಕಣಕಣವಾಗಿ ಸಡಿಲಿಸಿದ ಬಳಿಕ ಹಳದಿ ಹೂವಿನ ಪೊದೆ, ಆಮೇಲೆ ಪೈನ್ ಮರ. ಮರದಡಿಯ ತರಗಿನ ಮೇಲೆ ಚಕ್ರದ ಸದ್ದೇ ಅಡಗುತ್ತದೆ. ಬ್ರಾಂಟೆಯ ಜನ ಇಂಥ ಕಲ್ಲುನೆಲದಲ್ಲೇ ಪಿಸ್ತಾ ಬೆಳೆಯುತ್ತಾರೆ.

1669ರಲ್ಲಿ ನಿಕೊಲೋಸಿಯ ಬಳಿ ನೆಲ ಬಿರಿದು ಹರಿದ ಲಾವಾ ಹಲವು ಹಳ್ಳಿಗಳನ್ನು ನುಂಗಿ, ಕಟಾನಿಯಾ ನಗರವನ್ನು ತಲುಪಿ, ಸಮುದ್ರ ಸೇರಿತು. ಆದರೂ ಜನ ಮರಳಿದರು. ನಮಗಿದು ಅಪರಿಚಿತವಲ್ಲ. ವಿಜಯಪುರದ ಜೋಳದ ಎರೆಭೂಮಿಯೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಲೇ ಆದದ್ದು. ನಮ್ಮ ಬೆಂಕಿ ಎಂದೋ ಆರಿತು. ಅವರು ಆರದ ಬೆಂಕಿಯ ಮೇಲೆಯೇ ಬಿತ್ತುತ್ತಿದ್ದಾರೆ.