ಗರ್ಭಪಾತ ಮತ್ತು ಆರೋಗ್ಯ ವಿಮೆ (ಭಾರತ)

ಭಾರತದಲ್ಲಿ ಗರ್ಭಪಾತದ ವೆಚ್ಚವನ್ನು ವಿಮೆಯಿಂದ ಭರಿಸುವುದನ್ನು ನೇರವಾಗಿ ನಿಷೇಧಿಸುವ ಕಾನೂನು ಇಲ್ಲ. ಆದರೂ ಬಹುಪಾಲು ಸಾಮಾನ್ಯ ಆರೋಗ್ಯ ವಿಮಾ ಪಾಲಿಸಿಗಳಲ್ಲಿ ಈ ವೆಚ್ಚ ದೊರೆಯುವುದಿಲ್ಲ. ಗರ್ಭಪಾತವು ಯಾವಾಗ ಕಾನೂನುಸಮ್ಮತ ಎಂಬುದನ್ನು 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆ ನಿರ್ಧರಿಸುತ್ತದೆ. ವಿಮೆಯ ಹಣ ಯಾವಾಗ ಸಿಗುತ್ತದೆ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿ ಹಾಗೂ ಪಾಲಿಸಿಯ ಷರತ್ತುಗಳನ್ನು ಅವಲಂಬಿಸಿದೆ. ಈ ಎರಡು ಪ್ರಶ್ನೆಗಳು ಬೇರೆಬೇರೆ. ಕಾನೂನು ಒಪ್ಪಿದ ಚಿಕಿತ್ಸೆಗೂ ವಿಮೆ ಇಲ್ಲದಿರಬಹುದು.

ಕಾನೂನಿನ ಹಿನ್ನೆಲೆ

1860ರ ಭಾರತೀಯ ದಂಡ ಸಂಹಿತೆಯ 312ನೆಯ ಕಲಮಿನ ಪ್ರಕಾರ, ಸ್ತ್ರೀಯ ಜೀವ ಉಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿಸುವುದು ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿ ಇದೇ ನಿಯಮ ಮುಂದುವರಿದಿದೆ. ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಆಧಾರದ ಮೇಲೆ ಸಂಸತ್ತು 1971ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆಯನ್ನು ಅಂಗೀಕರಿಸಿತು. ಅದು 1972ರ ಏಪ್ರಿಲ್ 1ರಿಂದ ಜಾರಿಗೆ ಬಂದು, ನೋಂದಾಯಿತ ವೈದ್ಯರಿಗೆ ನಿಗದಿತ ಕಾರಣಗಳಿದ್ದಾಗ ರಕ್ಷಣೆ ನೀಡಿತು.

2021ರ ಸೆಪ್ಟೆಂಬರ್ 24ರಂದು ಜಾರಿಯಾದ ತಿದ್ದುಪಡಿಯ ಪ್ರಕಾರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಕರು, ಅಂಗವಿಕಲರು ಮೊದಲಾದ ವರ್ಗಗಳಿಗೆ 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಭ್ರೂಣದಲ್ಲಿ ಗಂಭೀರ ವೈಕಲ್ಯವಿದ್ದರೆ ವೈದ್ಯಕೀಯ ಮಂಡಳಿಯ ನಿರ್ಣಯದಂತೆ 24 ವಾರಗಳ ನಂತರವೂ ಅವಕಾಶವಿದೆ. ‘ವಿವಾಹಿತ ಸ್ತ್ರೀ ಅಥವಾ ಆಕೆಯ ಪತಿ’ ಎಂಬ ಪದಗಳ ಬದಲಿಗೆ ‘ಸ್ತ್ರೀ ಅಥವಾ ಆಕೆಯ ಸಂಗಾತಿ’ ಎಂಬ ಪದಗಳನ್ನು ಸೇರಿಸಲಾಯಿತು. 20ರಿಂದ 24 ವಾರಗಳ ಅವಕಾಶ ಅವಿವಾಹಿತ ಸ್ತ್ರೀಯರಿಗೂ ಅನ್ವಯಿಸುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ತೀರ್ಪು ನೀಡಿತು. ವಯಸ್ಕ ಸ್ತ್ರೀಯ ವಿಷಯದಲ್ಲಿ ಆಕೆಯ ಸಮ್ಮತಿಯೊಂದೇ ಸಾಕು. ಪತಿಯ ಒಪ್ಪಿಗೆ ಕಾನೂನಿನ ಅಗತ್ಯವಲ್ಲ.

ಖಾಸಗಿ ವಿಮೆಯಲ್ಲಿನ ನಿರ್ಬಂಧಗಳು

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳಿಗೆ ಏಕರೂಪದ ಪದರಚನೆಯನ್ನು ನಿಗದಿಪಡಿಸಿತು. ಇದರಲ್ಲಿ 18ನೆಯ ಸಂಕೇತವು ‘ಹೆರಿಗೆ’ಗೆ ಸಂಬಂಧಿಸಿದೆ. ಹೆರಿಗೆಯ ವೆಚ್ಚ, ಅಪಘಾತದಿಂದಲ್ಲದ ಗರ್ಭಸ್ರಾವ ಹಾಗೂ ಕಾನೂನುಸಮ್ಮತ ವೈದ್ಯಕೀಯ ಗರ್ಭಪಾತದ ವೆಚ್ಚ ಈ ಸಂಕೇತದಡಿ ಬರುತ್ತವೆ. ಗರ್ಭಕೋಶದ ಹೊರಗೆ ಬೆಳೆಯುವ ಗರ್ಭಕ್ಕೆ ಮಾತ್ರ ವಿನಾಯಿತಿಯಿದೆ. 2020ರಲ್ಲಿ ಎಲ್ಲ ಕಂಪನಿಗಳೂ ಮಾರಬೇಕೆಂದು ರೂಪಿಸಲಾದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿಯೂ ಈ ಹೊರಗಿಡುವಿಕೆ ಇದೆ.

ಹೆರಿಗೆ ವೆಚ್ಚವನ್ನು ಹೊರಗಿಡಲೇಬೇಕೆಂದು ಮಾರ್ಗಸೂಚಿ ಹೇಳುವುದಿಲ್ಲ. ಕಂಪನಿಯು ಅದನ್ನು ಸೇರಿಸಿಕೊಳ್ಳಲು ಸ್ವತಂತ್ರವಾಗಿದೆ. ಪ್ರಾಧಿಕಾರದ ವ್ಯಾಖ್ಯಾನದಂತೆ ‘ಹೆರಿಗೆ ವೆಚ್ಚ’ ಎಂಬ ಪದದಲ್ಲಿ ಕಾನೂನುಸಮ್ಮತ ಗರ್ಭಪಾತದ ವೆಚ್ಚವೂ ಸೇರಿದೆ. ಆದ್ದರಿಂದ ಹೆರಿಗೆ ಸೌಲಭ್ಯವಿರುವ ಪಾಲಿಸಿಯಲ್ಲಿ ಅದನ್ನು ಕೇಳಲು ಆಧಾರವಿದೆ. ಆದರೆ ಮೂರು ಅಡೆತಡೆಗಳು ಉಳಿಯುತ್ತವೆ:

• ಕಾಯುವ ಅವಧಿ: ಹೆರಿಗೆ ಸೌಲಭ್ಯ ಸಾಮಾನ್ಯವಾಗಿ ಪಾಲಿಸಿ ಪಡೆದ ಅನೇಕ ತಿಂಗಳು ಅಥವಾ ಕೆಲವು ವರ್ಷಗಳ ನಂತರವೇ ಲಭ್ಯವಾಗುತ್ತದೆ.
• ಒಳರೋಗಿ ನಿಯಮ: 24 ಗಂಟೆ ದಾಖಲಾತಿಯ ಷರತ್ತು ಇದ್ದಲ್ಲಿ ಮಾತ್ರೆಗಳಿಂದ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಅದರೊಳಗೆ ಬರುವುದಿಲ್ಲ. 2021ರ ನಿಯಮಗಳು 9 ವಾರಗಳವರೆಗೆ ಇಂಥ ಚಿಕಿತ್ಸೆಗೆ ಅವಕಾಶ ನೀಡಿವೆ.
• ‘ಕಾನೂನುಸಮ್ಮತ’ ಎಂಬ ಪದ: ನೋಂದಾಯಿತ ವೈದ್ಯರು ಹಾಗೂ ಅನುಮೋದಿತ ಸ್ಥಳದ ದಾಖಲೆಯಿಲ್ಲದಿದ್ದರೆ ಹಣ ಸಿಗುವುದಿಲ್ಲ.

ಗೋಪ್ಯತೆಯ ಪ್ರಶ್ನೆ

ಕಾಯ್ದೆಯ 5-ಎ ಕಲಮಿನಂತೆ ಚಿಕಿತ್ಸೆ ಪಡೆದ ಸ್ತ್ರೀಯ ಹೆಸರು, ವಿವರಗಳನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ವೈದ್ಯರು ತಿಳಿಸುವಂತಿಲ್ಲ. ಉಲ್ಲಂಘನೆಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಕುಟುಂಬ ಪಾಲಿಸಿಯು ಪತಿಯ ಅಥವಾ ತಂದೆಯ ಹೆಸರಿನಲ್ಲಿದ್ದರೆ ಹಣ ಕೋರುವ ಅರ್ಜಿಯ ಮೂಲಕವೇ ವಿಷಯ ಮನೆಯವರಿಗೆ ತಿಳಿಯಬಹುದು. ಕಾನೂನು ಕೊಟ್ಟ ಗೋಪ್ಯತೆಯನ್ನು ಬಿಡದೆ ವಿಮೆಯ ಹಣ ಪಡೆಯುವುದು ಇಂಥ ಸಂದರ್ಭದಲ್ಲಿ ಕಷ್ಟ.

ಸಾಮಾಜಿಕ ಭದ್ರತಾ ಯೋಜನೆಗಳು

ಕಾರ್ಮಿಕರ ರಾಜ್ಯ ವಿಮೆಯಡಿ ಅರ್ಹ ವಿಮಾದಾರ ಸ್ತ್ರೀಗೆ ಗರ್ಭಸ್ರಾವದ ಸಂದರ್ಭದಲ್ಲಿ 6 ವಾರಗಳ ನಗದು ಸೌಲಭ್ಯವಿದೆ. ಶಿಕ್ಷಾರ್ಹವಾದ ಗರ್ಭಪಾತವನ್ನು ಅದರ ವ್ಯಾಖ್ಯಾನ ಹೊರಗಿಡುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೆಯ ಕಲಮು ವೈದ್ಯಕೀಯ ಗರ್ಭಪಾತಕ್ಕೆ 6 ವಾರಗಳ ವೇತನಸಹಿತ ರಜೆಯನ್ನು ಸ್ಪಷ್ಟವಾಗಿ ನೀಡಿತ್ತು.

2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು ಸ್ವಇಚ್ಛೆಯ ಗರ್ಭಪಾತದ ವೆಚ್ಚವನ್ನು ಹೊರಗಿಟ್ಟಿತ್ತು; ಅಪಘಾತ ಅಥವಾ ತಾಯಿಯ ಜೀವ ಉಳಿಸುವ ತುರ್ತು ಮಾತ್ರ ವಿನಾಯಿತಿಯಾಗಿತ್ತು. ಕರ್ನಾಟಕದಲ್ಲಿ 2018ರಿಂದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆ ಜಾರಿಯಲ್ಲಿದೆ. ಇದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತದೆ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಇಲ್ಲಿ ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿದೆಯೇ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದು ಮುಖ್ಯ.

ರೋಣ, ನರಗುಂದ ಮತ್ತು ಗಜೇಂದ್ರಗಡ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕೃಷಿ ಪ್ರಧಾನ. ಗಜೇಂದ್ರಗಡದಲ್ಲಿ ನೇಕಾರಿಕೆಯೂ ಇದೆ. ಕಾರ್ಮಿಕರ ರಾಜ್ಯ ವಿಮೆಯು ಸಾಮಾನ್ಯವಾಗಿ 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಸೀಮಿತ. ಹೀಗಾಗಿ ಹೊಲದ ಕೂಲಿಗೆ ಹೋಗುವ, ಮನೆಯ ಮಗ್ಗದಲ್ಲಿ ನೇಯುವ ಸ್ತ್ರೀಯರು ಅದರ ಹೊರಗೆ ಉಳಿಯುತ್ತಾರೆ. ವೇತನಸಹಿತ ರಜೆಯೂ ಅವರಿಗಿಲ್ಲ; ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿ ಕಳೆದಂತೆ.

ಇಂಥವರಿಗೆ ವಿಮೆಗಿಂತ ಸರ್ಕಾರಿ ಆಸ್ಪತ್ರೆಯೇ ಮುಖ್ಯ ಆಸರೆ. ಕಾಯ್ದೆಯ 4ನೆಯ ಕಲಮಿನಂತೆ ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಅನುಮೋದನೆ ಬೇಕಿಲ್ಲ. ಖಾಸಗಿ ಆಸ್ಪತ್ರೆಗೆ ಜಿಲ್ಲಾ ಮಟ್ಟದ ಸಮಿತಿಯ ಅನುಮೋದನೆ ಬೇಕು. ರೋಣ ಹಾಗೂ ನರಗುಂದದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ವಾರಗಳ ಮಿತಿ ಕಾನೂನಿನಲ್ಲಿ ಕಟ್ಟುನಿಟ್ಟಾಗಿರುವುದರಿಂದ, ಹಣ ಹೊಂದಿಸಲು ಆಗುವ ವಿಳಂಬವೇ ಕಾನೂನುಸಮ್ಮತ ಅವಕಾಶವನ್ನು ಕಳೆಯಬಹುದು.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ 1976ರ ಹೈಡ್ ತಿದ್ದುಪಡಿಯು ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನ ಒಕ್ಕೂಟ ಹಣವನ್ನು ಗರ್ಭಪಾತಕ್ಕೆ ಬಳಸುವುದನ್ನು ನಿರ್ಬಂಧಿಸಿತು. ಈಗ ಅದರಲ್ಲಿ ಅತ್ಯಾಚಾರ, ನಿಕಟ ರಕ್ತಸಂಬಂಧಿಗಳಿಂದಾದ ಗರ್ಭ ಹಾಗೂ ತಾಯಿಯ ಪ್ರಾಣಾಪಾಯಕ್ಕೆ ವಿನಾಯಿತಿಯಿದೆ. 1980ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಈ ನಿರ್ಬಂಧವನ್ನು ಎತ್ತಿಹಿಡಿಯಿತು. 2010ರ ಆರೋಗ್ಯ ಕಾಯ್ದೆಯು ತಮ್ಮ ವಿಮಾ ಮಾರುಕಟ್ಟೆಯ ಯೋಜನೆಗಳಲ್ಲಿ ಗರ್ಭಪಾತದ ಸೌಲಭ್ಯವನ್ನು ನಿಷೇಧಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಇದಕ್ಕೆ ವ್ಯತಿರಿಕ್ತವಾಗಿ ಫ್ರಾನ್ಸ್ 2013ರಿಂದ ಪೂರ್ಣ ವೆಚ್ಚವನ್ನು ಸಾರ್ವಜನಿಕ ವಿಮೆಯಿಂದ ಭರಿಸುತ್ತಿದೆ.

ದೂರು ಪರಿಹಾರ

ವಿಮಾ ಕಂಪನಿ ಹಣ ನಿರಾಕರಿಸಿದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಬೇಕು. ದೂರನ್ನು ತಿರಸ್ಕರಿಸಿದರೆ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ಮೊರೆ ಹೋಗಬಹುದು. ಕರ್ನಾಟಕದ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲಿದೆ. ಇದಕ್ಕೆ ಶುಲ್ಕವಿಲ್ಲ.